ಬೆಳಿಗ್ಗೆ ಮೈದಾನ, ಮಧ್ಯಾಹ್ನ ಕೋಟೆ: ಅಮೆರಿಕನ್ ಫುಟ್‌ಬಾಲ್ ಕಲಿಸಲು ಬಂದವರ ಜೊತೆ ಹತ್ತು ದಿನ

ಕಾಗಿಣಾ ದಂಡೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೆಂದು ಒಂದು ವಾರದಿಂದ ಅಂದುಕೊಳ್ಳುತ್ತಿದ್ದೆ. ಹತ್ತು ದಿನ ಮಕ್ಕಳ ಜೊತೆ ಮೈದಾನದಲ್ಲಿ ನಿಂತ ದಣಿವು ಈಗಷ್ಟೇ ಇಳಿದಿದೆ. ಮುಂದಿನ ಡಿಸೆಂಬರ್‌ಗೆ ನಿಮ್ಮೆಲ್ಲರ ಸಲಹೆ ಬೇಕಾಗಿದೆ, ಅದಕ್ಕಾಗಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಓದಲೆಂದು ನಾನು ಅಮೆರಿಕದ ಒಹಾಯೊ ರಾಜ್ಯದಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಹೈಸ್ಕೂಲ್ ತಂಡದ ಕೋಚ್ ಒಬ್ಬರು, ಅವರ ಪತ್ನಿ. ಅಮೆರಿಕನ್ ಫುಟ್‌ಬಾಲ್‌ಗೆ ಆ ರಾಜ್ಯ ತವರುಮನೆ ಇದ್ದಂತೆ. ಈ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದೇ 1920ರಲ್ಲಿ ಅಲ್ಲಿನ ಕ್ಯಾಂಟನ್ ಎಂಬ ಊರಿನಲ್ಲಿ. ಶುಕ್ರವಾರ ಸಂಜೆ ಹೈಸ್ಕೂಲ್ ಪಂದ್ಯವಿದ್ದರೆ ನಮ್ಮಲ್ಲಿ ಶರಣಬಸವೇಶ್ವರರ ತೇರಿನ ದಿನದ ಹಾಗೆ ಊರಿಗೆ ಊರೇ ನೆರೆಯುತ್ತದೆ. ಆ ದಂಪತಿ ನಿವೃತ್ತರಾದ ಮೇಲೆ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಂದು ದೇಶಕ್ಕೆ ಹೋಗುವುದು, ಸಂಬಳವಿಲ್ಲದೆ ಮಕ್ಕಳಿಗೆ ಆಟ ಕಲಿಸುವುದು, ಉಳಿದ ಹೊತ್ತಿನಲ್ಲಿ ಆ ಸೀಮೆಯನ್ನು ನಡೆದು ನೋಡುವುದು. ಇಟಲಿಗೆ ಹೋಗಿ ಬಂದಿದ್ದರು, ಜಪಾನಿಗೂ ಹೋಗಿದ್ದರು. ಈ ಸಲ ನಮ್ಮ ಕಡೆ ಬನ್ನಿ ಎಂದು ಕರೆದೆ. ಜನವರಿಯಲ್ಲಿ ಬಂದರು. ಎರಡನೆಯ ದಿನಕ್ಕೇ ಮಕ್ಕಳು ಅವರನ್ನು ಕೋಚ್ ಮುತ್ಯಾ ಎಂದೂ ಅವರ ಪತ್ನಿಯನ್ನು ಆಯಿ ಎಂದೂ ಕರೆಯತೊಡಗಿದರು. ಅಜ್ಜ, ಅಜ್ಜಿ ಎಂದು ಇಬ್ಬರಿಗೂ ಆ ಹೆಸರುಗಳ ಅರ್ಥ ಹೇಳಿದೆ. ಊರಿಗೆ ಮರಳಿದ ಮೇಲೆ ಕಳಿಸಿದ ಪತ್ರದ ಕೆಳಗೆ ಹಾಗೆಯೇ ಸಹಿ ಮಾಡಿದ್ದಾರೆ.

ಅವರು ಕಲಿಸಿದ್ದು ಶಿರಸ್ತ್ರಾಣ ತೊಟ್ಟು ಮೈಮೇಲೆ ಬಿದ್ದು ಆಡುವ ಹನ್ನೊಂದು ಜನರ ಆಟವನ್ನಲ್ಲ, ಫ್ಲ್ಯಾಗ್ ಫುಟ್‌ಬಾಲನ್ನು. ತಂಡಕ್ಕೆ ಐವರು. ಸೊಂಟದ ಪಟ್ಟಿಯ ಎರಡೂ ಬದಿಗೆ ಒಂದೊಂದು ಬಟ್ಟೆಯ ಬಾಲ ತೂಗುತ್ತದೆ. ಚೆಂಡು ಹಿಡಿದು ಓಡುವವರ ಬಾಲವನ್ನು ಎದುರಾಳಿ ಕಿತ್ತರೆ ಆ ನಡೆ, ಅಂದರೆ ಚೆಂಡನ್ನು ಮುಂದೆ ಒಯ್ಯುವ ಒಂದು ಯತ್ನ, ಅಲ್ಲಿಗೆ ಮುಗಿಯಿತು. ತಳ್ಳುವಂತಿಲ್ಲ, ಹಿಡಿದೆಳೆಯುವಂತಿಲ್ಲ. ಮೈದಾನ 70 ಗಜ ಉದ್ದ, 25 ಗಜ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 64 ಮೀಟರ್‌ಗೆ 23 ಮೀಟರ್. ಎರಡೂ ತುದಿಯ ಹತ್ತು ಹತ್ತು ಗಜ ಅಂಕ ಗಳಿಸುವ ಜಾಗ. ನಾಲ್ಕು ನಡೆಗಳಲ್ಲಿ ನಡುಗೆರೆ ದಾಟಬೇಕು. ದಾಟಿದರೆ ಅಂಕದ ಜಾಗ ಮುಟ್ಟಲು ಮತ್ತೆ ನಾಲ್ಕು ನಡೆ. ಮುಟ್ಟಿದರೆ 6 ಅಂಕ. ಇಷ್ಟು ತಿಳಿದರೆ ಆಟ ಶುರು ಮಾಡಬಹುದು.

ಸೊಂಟಪಟ್ಟಿಗಳು ಸಮಯಕ್ಕೆ ಬರಲಿಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ದರ್ಜಿಯೊಬ್ಬರು ಶಾಲಾ ಸಮವಸ್ತ್ರ ಹೊಲಿದು ಉಳಿದ ಬಟ್ಟೆಯಲ್ಲಿ ಬಾಲಗಳನ್ನು ಕತ್ತರಿಸಿ, ತುದಿಗೆ ವೆಲ್ಕ್ರೋ ಹಚ್ಚಿ, ಒಂದೇ ರಾತ್ರಿಯಲ್ಲಿ ಐವತ್ತು ಜೊತೆ ಮಾಡಿಕೊಟ್ಟರು. ಕಿತ್ತಾಗ ಬರುವ ಆ ಚರ್ ಎಂಬ ಸದ್ದು ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ ಮೊದಲ ದಿನ ಚೆಂಡನ್ನು ಮರೆತು ಒಬ್ಬರ ಬಾಲ ಒಬ್ಬರು ಕೀಳುವುದೇ ಆಯಿತು. ಮುತ್ಯಾ ತಡೆಯಲಿಲ್ಲ. ಅರ್ಧ ಗಂಟೆ ಅದನ್ನೇ ಆಡಿಸಿದರು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಡೆ ಮತ್ತು ನಡೆಯ ನಡುವೆ ಐವರೂ ತಲೆ ಜೋಡಿಸಿ ಮುಂದೇನು ಎಂದು ಗುಟ್ಟಾಗಿ ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕೆ ಹಡಲ್ ಎಂದು ಹೆಸರು. ಮೊದಲ ಮೂರು ದಿನ ನಮ್ಮ ಮಕ್ಕಳ ಹಡಲ್ ಮೂಕವಾಗಿತ್ತು. ನಡೆಗಳ ಹೆಸರೆಲ್ಲ ಇಂಗ್ಲಿಷ್. ಓಡು ಎಂದರೆ ಓಡುತ್ತಿದ್ದರು, ನಿಲ್ಲು ಎಂದರೆ ನಿಲ್ಲುತ್ತಿದ್ದರು, ತಾವಾಗಿ ಒಂದು ಮಾತು ಆಡುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಅಭ್ಯಾಸ ಮುಗಿಸಿ, ಸುಸಲಾ ಮಿರ್ಚಿ ತಿಂದು, ಮಕ್ಕಳನ್ನೂ ಕರೆದುಕೊಂಡು ಕೋಟೆಗೆ ಹೋದೆವು. ಅತಿಥಿಗಳಿಗೆ ಊರು ತೋರಿಸುವ ಕೆಲಸ ನಿಮ್ಮದು ಎಂದು ಮಕ್ಕಳಿಗೆ ಹೇಳಿದ್ದೆ. 1367ರ ಜಾಮಿ ಮಸೀದಿ ನಿಮಗೆಲ್ಲ ಗೊತ್ತೇ ಇದೆ. ಬೇರೆ ಮಸೀದಿಗಳಂತೆ ನಡುವೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಛಾವಣಿ ಇದೆ. ಮೂರು ದಿನದಿಂದ ಬಾಯಿ ಬಿಡದಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆಯಿಯ ಕೈ ಹಿಡಿದು ಕಂಬಗಳ ಸಾಲಿನ ಎದುರು ನಿಲ್ಲಿಸಿದಳು. "ಇಲ್ಲಿಂದ ನೋಡಿದರೆ ಒಂದೇ ಕಂಬ" ಎಂದಳು. ಆಮೇಲೆ ಅವರನ್ನು ಮೆಲ್ಲಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದಳು. ಒಂದರ ಹಿಂದೆ ಒಂದು ಅಡಗಿದ್ದ ಕಂಬಗಳೆಲ್ಲ ಹೊರಗೆ ಬಂದವು. ಮತ್ತೆ ಹಿಂದಕ್ಕೆ ಸರಿಸಿದಳು, ಎಲ್ಲವೂ ಮಾಯ. ಭಾಷೆಯೇ ಬೇಕಾಗಲಿಲ್ಲ. ಮುತ್ಯಾ ದೂರದಿಂದ ಇದನ್ನು ನೋಡುತ್ತಿದ್ದವರು ಬಂದು ತಾವೂ ಆ ಹೆಜ್ಜೆ ಇಟ್ಟು ನೋಡಿದರು, ನಾಲ್ಕಾರು ಸಲ.

ಮರುದಿನ ಬೆಳಿಗ್ಗೆ ಅವರು ಕಲಿಸಿದ ಮೊದಲ ಪಾಠವೇ ಅದು. ಮೂವರು ಓಟಗಾರರು ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು, ಎದುರಿನವರಿಗೆ ಒಬ್ಬರೇ ಕಾಣಬೇಕು, ಚೆಂಡು ಕೈಬಿಟ್ಟ ಕ್ಷಣದಲ್ಲಿ ಮೂವರೂ ಮೂರು ದಿಕ್ಕಿಗೆ ಸಿಡಿಯಬೇಕು. ಅಮೆರಿಕದಲ್ಲಿ ಇದಕ್ಕೆ ಹಳೆಯದೊಂದು ಹೆಸರಿದೆ. ಅವರು ಆ ಹೆಸರು ಹೇಳಲಿಲ್ಲ. ಹುಡುಗಿಯ ಕಡೆ ತಿರುಗಿ ಹೆಸರಿಡು ಎಂದರು. "ಕಂಬದ ಸಾಲು" ಎಂದಳು. ಅಲ್ಲಿಂದ ಮಕ್ಕಳನ್ನು ಹಿಡಿಯುವವರೇ ಇಲ್ಲ. ಎಲ್ಲರಿಗಿಂತ ದೂರಕ್ಕೆ ಎಸೆಯುವ ನಡೆಗೆ "ತೋಪು" ಎಂದು ಹೆಸರಾಯಿತು, ಕೋಟೆಯ ಮೇಲಿರುವ ಸುಮಾರು 29 ಅಡಿ ಉದ್ದದ ತೋಪನ್ನು ನೆನೆದು. ಬೀದರ್‌ಗೆ ಹೋದ ಮೇಲೆ ಇನ್ನೂ ಎರಡು ಹೆಸರು ಸೇರಿದವು. ಹಡಲ್‌ನಲ್ಲಿ ಗುಸುಗುಸು ಶುರುವಾಯಿತು, ಜಗಳವೂ ಆಯಿತು, ಎಲ್ಲವೂ ಕನ್ನಡದಲ್ಲಿ.

ಆದ್ದರಿಂದ ನನ್ನ ವಾದ ಇಷ್ಟು. ಹೊರಗಿನಿಂದ ಬಂದ ಕೋಚ್‌ಗೆ ನಾವು ಊರು ತೋರಿಸುವುದನ್ನು ಕೊನೆಯ ದಿನದ ಉಪಚಾರವಾಗಿ ಇಟ್ಟುಕೊಳ್ಳುತ್ತೇವೆ. ಅದು ಮೊದಲ ದಿನವೇ ನಡೆಯಬೇಕು, ತೋರಿಸುವವರು ಮಕ್ಕಳೇ ಆಗಿರಬೇಕು. ಮೂರು ದಿನ ನಾನು ಹಾಳುಮಾಡಿದೆ ಎಂಬ ಕೊರಗು ನನಗಿದೆ.

ಅವರು ಡಿಸೆಂಬರ್‌ನಲ್ಲಿ ಎರಡು ವಾರಕ್ಕೆ ಮತ್ತೆ ಬರುತ್ತೇವೆಂದಿದ್ದಾರೆ. ಈ ಸಲ ಯಾದಗಿರಿಯ ಕಡೆ ಒಂದೇ ದಿನ ಕೊಡಲು ಆಯಿತು, ಅದೂ ಅರ್ಧಕ್ಕೆ ನಿಂತಿತು. ಒಂದು ಊರಿನ ಮೈದಾನಕ್ಕೆ ಒಪ್ಪಿಗೆ ಪಡೆದಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಯಾವುದೋ ಸಮಾರಂಭಕ್ಕೆ ಶಾಮಿಯಾನ ಎದ್ದಿತ್ತು. ಇಪ್ಪತ್ತು ಮಕ್ಕಳು ಬೂಟು ಕಟ್ಟಿಕೊಂಡು ನಿಂತಿದ್ದರು. ಆ ಮುಖಗಳು ಇನ್ನೂ ಕಣ್ಣಮುಂದೆ ಇವೆ. ಮೈದಾನ, ದಾರಿ, ನೋಡುವ ಜಾಗ, ಯಾವುದರ ಬಗ್ಗೆಯಾದರೂ ಬರೆಯಿರಿ.

ನೌಬಾದ್ ಮೇಷ್ಟ್ರು (ಬೀದರ್)

ಬೀದರ್‌ನ ಮೂರು ದಿನ ನಾನೂ ಜೊತೆಗಿದ್ದೆ. ದೈಹಿಕ ಶಿಕ್ಷಕನಾಗಿ ಹತ್ತೊಂಬತ್ತು ವರ್ಷ ಆಯಿತು, ಇಂಥ ಕಲಿಸುವಿಕೆಯನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಅವರು ಸೀಟಿ ಊದುವುದಿಲ್ಲ. ಒಂದು ಮಗು ತಪ್ಪಿದರೆ ಅದರ ಪಕ್ಕಕ್ಕೆ ಹೋಗಿ ಅದೇ ಎತ್ತರಕ್ಕೆ ಮಂಡಿಯೂರಿ, ಚೆಂಡಿನ ಹೊಲಿಗೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಇರಿಸುತ್ತಾರೆ. ಎಸೆದ ಚೆಂಡು ಬುಗುರಿಯಂತೆ ತನ್ನ ಸುತ್ತ ತಾನು ತಿರುಗುತ್ತ ಹೋಗಬೇಕು, ಇಲ್ಲವಾದರೆ ಗಾಳಿ ಅದನ್ನು ತಿನ್ನುತ್ತದೆ. ಬುಗುರಿ ಎಂದ ಕೂಡಲೇ ನಮ್ಮ ಹುಡುಗರಿಗೆ ಅರ್ಥವಾಯಿತು.

ಕಾಗಿಣಾ ಅಣ್ಣ ಒಂದನ್ನು ಬಿಟ್ಟಿದ್ದಾರೆ. ನಮ್ಮ ಮಕ್ಕಳು ಕಬಡ್ಡಿ ಆಡುವವರು, ಕಣಕ್ಕೆ ಇಳಿಯುವ ಮೊದಲು ಅಂಗೈಗೆ ಮಣ್ಣು ತೀಡಿಕೊಳ್ಳುವುದು ಅಭ್ಯಾಸ. ಆಯಿ ಮೊದಲು ಬೇಡ ಎಂದು ಕೈ ಒರೆಸಿದರು. ಬೆವರಿನ ಕೈಯಿಂದ ಚೆಂಡು ಜಾರುತ್ತಿತ್ತು. ಒಬ್ಬ ಹುಡುಗ ಕದ್ದು ಕೆಮ್ಮಣ್ಣು ತೀಡಿಕೊಂಡು ಎಸೆದ, ಚೆಂಡು ನೆಟ್ಟಗೆ ಹೋಯಿತು. ಐದು ನಿಮಿಷದಲ್ಲಿ ಆಯಿಯ ಅಂಗೈಯೂ ಕೆಂಪಾಗಿತ್ತು.

ಮಧ್ಯಾಹ್ನದ ಸುತ್ತಾಟದಲ್ಲಿ ಮಹಮೂದ್ ಗವಾನನ ಮದರಸಾ ಮತ್ತು ಕೋಟೆ ನೋಡಿದರು. ರಂಗೀನ್ ಮಹಲ್‌ನ ಮುತ್ತಿನ ಚಿಪ್ಪಿನ ಕೆತ್ತನೆಯ ಎದುರು ಬಹಳ ಹೊತ್ತು ನಿಂತರು. ಆದರೆ ಅವರನ್ನು ಹಿಡಿದು ಕೂರಿಸಿದ್ದು ಬಿದರಿ ಕೆಲಸ. ಶಿಬಿರಕ್ಕೆ ಬರುತ್ತಿದ್ದ ಹುಡುಗನೊಬ್ಬನ ಮನೆಯೇ ಕಾರ್ಖಾನೆ. ಸತು ಮತ್ತು ತಾಮ್ರದ ಬೂದುಬಣ್ಣದ ಹೂಜಿ, ಅದರಲ್ಲಿ ಕೊರೆದ ಗೆರೆಗೆ ಕೂರಿಸಿದ ಬೆಳ್ಳಿಯ ತಂತಿ, ಎರಡೂ ಮಂಕಾಗಿ ಒಂದೇ ಥರ ಕಾಣುತ್ತವೆ. ಅವನ ತಂದೆ ಕೋಟೆಯ ಹಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ, ನವಸಾಗರದ ಜೊತೆ ಕಲಸಿ, ಬಿಸಿ ಮಾಡಿದ ಹೂಜಿಗೆ ಸವರಿದರು. ಲೋಹ ಕಾಡಿಗೆಯಂತೆ ಕಪ್ಪಾಯಿತು. ಬೆಳ್ಳಿ ಮಾತ್ರ ಹಾಗೆಯೇ ಉಳಿದು ಹೊಳೆಯಿತು. ಮುತ್ಯಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಗನ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಶಾಲೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಬೀದರ್‌ನ ಎರಡು ನಡೆಗಳ ಹೆಸರು "ಸುರಂಗ" ಮತ್ತು "ಝರಣಿ". ಸುರಂಗ ಬಂದದ್ದು ನಮ್ಮ ನೌಬಾದಿನ ಕರೇಜ್‌ನಿಂದ. ನೆಲದ ಕೆಳಗೆ ತೋಡಿದ ಕಾಲುವೆ, ನಡುನಡುವೆ ಗಾಳಿಬಾವಿಗಳು. ಎದುರಾಳಿಗಳು ದೂರದ ಎಸೆತಕ್ಕೆಂದು ಹಿಂದೆ ಸರಿದಾಗ ಅವರ ಕೆಳಗಿನಿಂದ ಸಣ್ಣ ಎಸೆತ ಕೊಡುವುದು ಈ ನಡೆಯ ಹುರುಳು. ಐದನೆಯ ತರಗತಿಯ ಹುಡುಗ ಇಟ್ಟ ಹೆಸರು ಅದು.

ಕಬಡ್ಡಿ ಅಂಕಣ (ಸೇಡಂ)

ಓದಿ ಸಂತೋಷವಾಯಿತು, ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳದೆ ಇರಲಾರೆ. ನಾನು ಹಳ್ಳಿಯ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ. 12 ಮೀಟರ್‌ಗೆ 8 ಮೀಟರ್ ಅಂಕಣ, ಅದಕ್ಕೂ ಚಾಪೆ ಇಲ್ಲ. ಮೊಣಕಾಲು ತರಚಿಕೊಂಡು ಆಡುತ್ತಾರೆ. ನಮ್ಮ ಮಣ್ಣಿನ ಆಟಕ್ಕೆ ಇಷ್ಟು ಜನ, ಇಷ್ಟು ಓಡಾಟ, ಇಷ್ಟು ಪ್ರೀತಿ ಯಾವಾಗ ಸಿಕ್ಕಿದೆ? ಹೊರಗಿನವರು ಬಂದರೆ ದರ್ಜಿ ರಾತ್ರಿಯಿಡೀ ಹೊಲಿಯುತ್ತಾರೆ. ನಾನು ಆರು ತಿಂಗಳಿಂದ ಸಮವಸ್ತ್ರಕ್ಕಾಗಿ ಅಲೆಯುತ್ತಿದ್ದೇನೆ.

ಆಟದ ಮೇಲೆ ನನಗೆ ದ್ವೇಷವಿಲ್ಲ. ಒಂದು ಪ್ರಶ್ನೆಗೆ ಮಾತ್ರ ಉತ್ತರ ಬೇಕು. ಹತ್ತು ದಿನದ ಶಿಬಿರ ಮುಗಿದ ಮೇಲೆ ಆ ಮಕ್ಕಳ ಗತಿ ಏನು? ಚೆಂಡು ಯಾರ ಮನೆಯ ಅಟ್ಟ ಸೇರಿದೆ?

ಆಳಂದದ ಅಕ್ಕ

ನನ್ನ ಮಗಳು ಕಲಬುರಗಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಓದುತ್ತಾಳೆ, ಈ ಶಿಬಿರಕ್ಕೆ ಹೋಗಿದ್ದಳು. ಅಮೆರಿಕನ್ ಫುಟ್‌ಬಾಲ್ ಎಂದಾಗ ನಾನು ಬೇಡವೆಂದೇ ಅಂದಿದ್ದೆ. ತಲೆಗೆ ತಲೆ ಡಿಕ್ಕಿ ಹೊಡೆಯುವುದನ್ನು ಟಿವಿಯಲ್ಲಿ ನೋಡಿದ್ದೆ. ಆಮೇಲೆ ಒಂದು ದಿನ ಬಂದು ನಿಂತು ನೋಡಿದೆ. ಯಾರೂ ಯಾರ ಮೈಯನ್ನೂ ಮುಟ್ಟುವುದಿಲ್ಲ. ಇಬ್ಬರು ಓಡುತ್ತ ತಾಗಿಕೊಂಡು ಬಿದ್ದರು. ಆಯಿ ಆಟ ನಿಲ್ಲಿಸಿ ಇಬ್ಬರನ್ನೂ ನೆರಳಿಗೆ ಕರೆದು, ಕಣ್ಣು ನೋಡಿ, ಪ್ರಶ್ನೆ ಕೇಳಿ, ಆ ದಿನ ಮತ್ತೆ ಆಡಲು ಬಿಡಲಿಲ್ಲ. ನನ್ನ ಮಗಳು ಅತ್ತಳು, ಆದರೂ ಬಿಡಲಿಲ್ಲ. ಅಂದಿನಿಂದ ನನಗೆ ಧೈರ್ಯ ಬಂತು.

ಡಿಸೆಂಬರ್‌ಗೆ ಒಂದು ಕೋರಿಕೆ ಇದೆ. ಬೀದರ್‌ಗೆ ಹೋದಾಗ ಅಷ್ಟೂರನ್ನು ಬಿಡಬೇಡಿ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಒಳಗಿನ ಬಣ್ಣದ ಚಿತ್ರಕ್ಕಿಂತ ದೊಡ್ಡ ವಿಷಯ ಅಲ್ಲಿದೆ. ಅವರನ್ನು ನಮ್ಮ ಜನ ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುತ್ತಾರೆ. ನಮ್ಮ ತಾಲ್ಲೂಕಿನ ಮಾಡ್ಯಾಳದ ಜಂಗಮರು ಹೋಗಿ ಆ ಜಾತ್ರೆ ನಡೆಸುತ್ತಾರೆ. ಮಕ್ಕಳು ಇದನ್ನು ಅತಿಥಿಗಳಿಗೆ ತಮ್ಮ ಬಾಯಿಂದ ಹೇಳಲಿ. ಹೇಳಬೇಕಾದರೆ ಮೊದಲು ತಾವು ತಿಳಿದುಕೊಳ್ಳುತ್ತಾರೆ.

ಕಾಗಿಣಾ ದಂಡೆ (ಕಲಬುರಗಿ)

ಅಕ್ಕಾ, ನಿಮ್ಮ ಮಗಳು ಯಾರೆಂದು ಊಹಿಸಿದೆ. "ಕಂಬದ ಸಾಲು" ಎಂದು ಹೆಸರಿಟ್ಟವಳು ಅವಳೇ ಅಲ್ಲವೇ? ಅಷ್ಟೂರು ಪಟ್ಟಿಗೆ ಸೇರಿತು.

ಕಬಡ್ಡಿ ಅಂಕಣ ಸರ್, ನಿಮ್ಮ ಪ್ರಶ್ನೆಯಿಂದ ರಾತ್ರಿ ನಿದ್ದೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಟ್ಟು ನಲವತ್ತಾರು ಮಕ್ಕಳು ಬಂದಿದ್ದರು. ಈಗ ಭಾನುವಾರ ಬೆಳಿಗ್ಗೆ ಕಲಬುರಗಿಯಲ್ಲಿ ಹದಿನಾಲ್ಕು, ಬೀದರ್‌ನಲ್ಲಿ ಹನ್ನೊಂದು ಮಕ್ಕಳು ಸೇರುತ್ತಾರೆ. ಉಳಿದವರು ಬರುತ್ತಿಲ್ಲ. ಮುತ್ಯಾ ಎಂಟು ಚೆಂಡು ಬಿಟ್ಟುಹೋಗಿದ್ದಾರೆ, ಅಟ್ಟ ಸೇರಿಲ್ಲ. ಒಂದೊಂದು ವಾರ ಒಬ್ಬೊಬ್ಬರ ಮನೆಗೆ ಹೋಗುತ್ತವೆ.

ಈ ಆಟಕ್ಕೆ ಮುಂದೆ ದಾರಿ ಇದೆಯೇ ಎಂದರೆ, ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಇರುತ್ತದೆ, ಪುರುಷರ ಆರು ತಂಡ, ಮಹಿಳೆಯರ ಆರು ತಂಡ. ಕ್ರಿಕೆಟ್, ಸ್ಕ್ವಾಷ್ ಜೊತೆಗೆ ಇದನ್ನೂ ಸೇರಿಸಿದ ನಿರ್ಣಯ ಆದದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈಯಲ್ಲಿ ನಡೆದ ಸಭೆಯಲ್ಲಿಯೇ. ನಮ್ಮ ಮಕ್ಕಳನ್ನು ನಾಳೆಯೇ ಅಲ್ಲಿಗೆ ಕಳಿಸುತ್ತೇನೆಂಬ ಭ್ರಮೆ ನನಗಿಲ್ಲ. ಹುಡುಗ ಹುಡುಗಿಯರು ಒಂದೇ ಮೈದಾನದಲ್ಲಿ ಒಟ್ಟಿಗೆ ಓಡುವ ಆಟ ನಮ್ಮ ಶಾಲೆಗಳಲ್ಲಿ ಎಷ್ಟಿವೆ ಹೇಳಿ. ನನಗೆ ಅದೇ ಸಾಕಷ್ಟು ದೊಡ್ಡ ಕಾರಣ.

ಇನ್ನೊಂದು ಮಾತು. ಶಿಬಿರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಾಲ ಕಿತ್ತವರು ಕಬಡ್ಡಿ ಆಡುವ ಹುಡುಗಿಯರು. ಎದುರಾಳಿಯ ಕಣ್ಣನ್ನು ನೋಡದೆ ಸೊಂಟವನ್ನು ನೋಡಬೇಕೆಂದು ಮುತ್ಯಾ ಹೇಳಿಕೊಡುವ ಮೊದಲೇ ಅವರಿಗೆ ಅದು ಗೊತ್ತಿತ್ತು. ಭುಜ, ಕಣ್ಣು, ಕೈ ಸುಳ್ಳು ಹೇಳುತ್ತವೆ, ಸೊಂಟ ಹೇಳುವುದಿಲ್ಲ. ಇದನ್ನು ಎಲ್ಲಿ ಕಲಿತಿರಿ ಎಂದು ಅವರು ಕೇಳಿದಾಗ ಹುಡುಗಿಯರು ನಿಮ್ಮಂಥ ಗುರುಗಳ ಹೆಸರು ಹೇಳಿದರು. ಡಿಸೆಂಬರ್‌ನಲ್ಲಿ ಒಂದು ಸಂಜೆ ಅವರನ್ನು ನಿಮ್ಮ ಅಂಕಣಕ್ಕೆ ಕರೆತರಲೇ?

ಬಿಸಿಲೂರಿನವ (ಸದ್ಯ ಜರ್ಮನಿ)

ಮೂಲ ಊರು ಹುಮನಾಬಾದ್, ಕೆಲಸ ದಕ್ಷಿಣ ಜರ್ಮನಿಯಲ್ಲಿ. ಇಲ್ಲಿ ವಾರದಲ್ಲಿ ಎರಡು ಸಂಜೆ ಒಂದು ಸಣ್ಣ ಊರಿನ ಕ್ಲಬ್‌ನಲ್ಲಿ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಇದೇ ಫ್ಲ್ಯಾಗ್ ಆಟವನ್ನು ಕಲಿಸುತ್ತೇನೆ. ನಾನು ಇಲ್ಲಿ ಪರದೇಶಿ ಕೋಚ್, ನಿಮ್ಮಲ್ಲಿ ಅವರು ಪರದೇಶಿ ಕೋಚ್. ಹಾಗಾಗಿ ಇದನ್ನು ಓದುವಾಗ ಎದೆ ತುಂಬಿತು.

ಯುರೋಪಿನಲ್ಲಿ ಈ ಆಟ ಹೇಗೆ ನಿಂತಿತು ಎಂಬುದು ಕಬಡ್ಡಿ ಸರ್ ಅವರ ಪ್ರಶ್ನೆಗೂ ಸ್ವಲ್ಪ ಉತ್ತರ ಕೊಡಬಹುದು. ಜರ್ಮನಿಯ ಮೊದಲ ಕ್ಲಬ್ ಹುಟ್ಟಿದ್ದು 1977ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ, ಎರಡು ವರ್ಷದ ನಂತರ ಲೀಗ್ ಶುರುವಾಯಿತು. ದೊಡ್ಡ ನಗರಗಳೇ ಗೆಲ್ಲುತ್ತವೆ ಎಂದೇನೂ ಇಲ್ಲ. ಶ್ವೇಬಿಷ್ ಹಾಲ್ ಎಂಬ ಊರಿದೆ, ನಮ್ಮ ಬೀದರ್‌ಗಿಂತ ಎಷ್ಟೋ ಚಿಕ್ಕದು. ಅದರ ತಂಡ 2011, 2012, 2017, 2018 ಮತ್ತು 2022ರಲ್ಲಿ ದೇಶದ ಚಾಂಪಿಯನ್ ಆಯಿತು. ಕ್ಲಬ್ ಎಂದರೆ ಸದಸ್ಯರೇ ಹಣ ಹಾಕಿ ನಡೆಸುವ ಸಂಘ. ಗೆರೆ ಎಳೆಯುವವರು ತಂದೆಯರು, ತಿಂಡಿ ಮಾರುವವರು ತಾಯಂದಿರು, ಕೋಚ್‌ಗಳಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡುವವರು. ಹೊರದೇಶದ ಕೋಚ್ ಬಂದರೆ ಒಂದು ಕೋಣೆ, ಒಂದು ಸೈಕಲ್, ಊಟ, ಕೈಖರ್ಚು. ಅಷ್ಟರಲ್ಲೇ ನಡೆಯುತ್ತದೆ.

ಸುತ್ತಾಟದ ಮಾತು. ಹೊರ ಊರಿನ ಪಂದ್ಯಕ್ಕೆ ಹೋದಾಗ ಎರಡು ಗಂಟೆ ಮುಂಚೆ ತಲುಪಿ ಊರು ನೋಡುವುದು ನನ್ನ ರೂಢಿ. ಶ್ವೇಬಿಷ್ ಹಾಲ್ ಒಂದು ಕಾಲಕ್ಕೆ ಉಪ್ಪಿನಿಂದ ಬದುಕಿದ ಊರು. ಸಂತ ಮಿಖಾಯೆಲ್ ಚರ್ಚಿನ ಎದುರು ಅಗಲವಾದ ಎತ್ತರದ ಮೆಟ್ಟಿಲುಗಳಿವೆ, 1925ರಿಂದ ಬೇಸಿಗೆಯಲ್ಲಿ ಆ ಮೆಟ್ಟಿಲುಗಳ ಮೇಲೆಯೇ ನಾಟಕ ಆಡುತ್ತಾರೆ. ಅಲ್ಲಿ ಒಬ್ಬನೇ ಕೂತಿದ್ದಾಗ ನನ್ನ ತಂಡದ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತು, ನಿಮ್ಮ ಊರಿನಲ್ಲಿ ಏನಿದೆ ಎಂದು ಕೇಳಿದ. ಬಸವಕಲ್ಯಾಣದ ಬಗ್ಗೆ ಹೇಳಿದೆ, ಅನುಭವ ಮಂಟಪದಲ್ಲಿ ಸಮಗಾರ, ಅಂಬಿಗ, ಮಡಿವಾಳ, ಹೆಂಗಸರು, ಗಂಡಸರು ಒಟ್ಟಿಗೆ ಕೂತು ಮಾತಾಡಿದ್ದರ ಬಗ್ಗೆ. ಅವನು ಸ್ವಲ್ಪ ಯೋಚಿಸಿ, ಹಡಲ್ ಹಾಗೆ ಅಲ್ಲವೇ ಎಂದ. ಈಗ ನಿಮ್ಮ ಮಕ್ಕಳ ಕಥೆ ಓದಿದಾಗ ಅವನ ಮಾತು ನೆನಪಾಯಿತು.

ಡಿಸೆಂಬರ್‌ನಲ್ಲಿ ನಾನು ರಜೆಗೆ ಬರುತ್ತೇನೆ. ಒಂದು ವಾರ ನಿಮ್ಮೊಂದಿಗೆ ನಿಲ್ಲುತ್ತೇನೆ. ಬಸವಕಲ್ಯಾಣದಲ್ಲಿ ಒಂದು ದಿನದ ಆಟವಿದ್ದರೆ ಅದರ ಹೊಣೆ ನನ್ನದು.

ಸ್ಟೇಷನ್ ಬಜಾರ್ (ಕಲಬುರಗಿ)

ಲಾಡ್ಜ್ ನಡೆಸುವವನಾಗಿ ಎರಡು ಕಾನೂನಿನ ಮಾತು. ವಿದೇಶಿಯರು ಎಲ್ಲಿ ಉಳಿದರೂ, ನಿಮ್ಮ ಮನೆಯಲ್ಲಿ ಉಳಿದರೂ, ಅವರು ಬಂದುಳಿದ ವಿವರದ ಫಾರ್ಮನ್ನು 24 ಗಂಟೆಯೊಳಗೆ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಆನ್‌ಲೈನ್‌ನಲ್ಲಿ ಆಗುತ್ತದೆ. ಎರಡನೆಯದು ವೀಸಾ. ಅವರು ಹಣ ಪಡೆಯದೆ ಕಲಿಸುವುದರಿಂದ ಒಂದು ತಿಂಗಳ ಒಳಗಿನ ಸ್ವಯಂಸೇವೆಗೆ ಪ್ರವಾಸಿ ಇ-ವೀಸಾದಲ್ಲಿ ಅವಕಾಶವಿದೆ. ಗೌರವಧನ ಎಂದು ಒಂದು ರೂಪಾಯಿಯನ್ನೂ ಕೊಡಬೇಡಿ, ಶಾಲು ಹೊದಿಸಿ ಸಾಕು. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ, ಆ ಕಡೆ ಫೋಟೊ, ಡ್ರೋನ್ ಎರಡೂ ಬೇಡ.

ಬೀದರ್‌ಗೆ ಕಾರು ಏಕೆ? 2017ರಿಂದ ರೈಲು ಇದೆ. ಮಕ್ಕಳ ಜೊತೆ ರೈಲಿನಲ್ಲಿ ಹೋಗಿ, ಬುತ್ತಿ ಕಟ್ಟಿಕೊಂಡು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಮನೆಯಿಂದ.

ಸುರಪುರದ ಓದುಗ

ಯಾದಗಿರಿ ಜಿಲ್ಲೆಗೆ ಅರ್ಧ ದಿನ ಸಿಕ್ಕಿತೆಂದು ಓದಿ ಬೇಸರವಾಯಿತು. ಶಾಮಿಯಾನದ ಎದುರು ನಿಂತ ಮಕ್ಕಳಲ್ಲಿ ನನ್ನ ಅಣ್ಣನ ಮಗನೂ ಇದ್ದ. ಅವನ ಬೂಟು ಅಂದೇ ಕೊಂಡದ್ದು.

ಈ ಸಲ ನಾಲ್ಕು ದಿನ ನಮಗೆ ಕೊಡಿ. ಮೈದಾನವನ್ನು ನಾನೇ ನೋಡಿ ಬಂದಿದ್ದೇನೆ, ಲಿಖಿತ ಒಪ್ಪಿಗೆಯನ್ನೂ ಕೇಳಿದ್ದೇನೆ. ಕಪ್ಪು ಮಣ್ಣಿನ ನೆಲ. ಡಿಸೆಂಬರ್ ಹೊತ್ತಿಗೆ ಬಿರುಕು ಬಿಡುತ್ತದೆ, ಮಗುವಿನ ಪಾದ ಸಿಕ್ಕಿಕೊಳ್ಳುವಷ್ಟು. ಹಾಗಾಗಿ ಒಂದು ವಾರ ಮೊದಲೇ ಮರಂ (ಗರಸು ಮಣ್ಣು) ಹರಡಿ ನೀರು ಹೊಡೆದು ಉರುಳುಗಲ್ಲು ಉರುಳಿಸಬೇಕು. ಟ್ರ್ಯಾಕ್ಟರ್ ನಮ್ಮದೇ ಇದೆ.

ನೋಡಲು ಏನಿದೆ ಎಂದು ಕೇಳುವಂತೆಯೇ ಇಲ್ಲ. ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಬಂಗಲೆ ಇದೆ. ಬ್ರಿಟಿಷರ ವಿರುದ್ಧ 1858ರಲ್ಲಿ ನಿಂತ ರಾಜಾ ವೆಂಕಟಪ್ಪ ನಾಯಕನನ್ನು ಬಾಲ್ಯದಿಂದ ನೋಡಿಕೊಂಡವನೂ ಈ ಟೇಲರನೇ. ಅತಿಥಿಗಳಿಗೆ ಈ ಕಥೆಯನ್ನು ಆ ಬಂಗಲೆಯ ಕಟ್ಟೆಯ ಮೇಲೆ ಕೂತೇ ಹೇಳಬೇಕು. ಬೋನಾಳ ಕೆರೆಗೆ ಚಳಿಗಾಲದಲ್ಲಿ ಹೊರನಾಡಿನ ಹಕ್ಕಿಗಳು ಬರುತ್ತವೆ. ಕಲಬುರಗಿಯಿಂದ ಬರುವಾಗ ಸನ್ನತಿಯ ದಾರಿ ಹಿಡಿಯಿರಿ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ ಅದರ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಕಲ್ಲಿನಲ್ಲಿ ಅಶೋಕನ ಉಬ್ಬುಶಿಲ್ಪ, ಅದರ ಮೇಲೆ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಎಂಬ ಬರಹ. ಮಕ್ಕಳಿಗೆ ಮೊದಲೇ ಬ್ರಾಹ್ಮಿಯ ಈ ಐದು ಅಕ್ಷರ ಕಲಿಸಿದರೆ ಅಲ್ಲಿ ಅವರೇ ಓದಿ ಹೇಳುತ್ತಾರೆ. ಅಕ್ಷರಗಳ ಹಾಳೆಯನ್ನು ನಾನು ಬರೆದು ಕಳಿಸುತ್ತೇನೆ.

ಕಬಡ್ಡಿ ಅಂಕಣ (ಸೇಡಂ)

ಕಾಗಿಣಾ ಅವರೇ, ಕರೆತನ್ನಿ. ಸೊಂಟ ನೋಡುವ ಮಾತನ್ನು ನನ್ನ ಹುಡುಗಿಯರಿಗೆ ಓದಿ ಹೇಳಿದೆ. ಬಾಲ ಕೀಳುವ ಆಟ ತಮಗೂ ಬೇಕೆಂದು ಹಟ ಹಿಡಿದಿದ್ದಾರೆ. ಆದರೆ ಒಂದು ಷರತ್ತು: ಮುತ್ಯಾ, ಆಯಿ ಇಬ್ಬರೂ ಅಂಕಣಕ್ಕೆ ಇಳಿದು ಉಸಿರು ಹಿಡಿದು ಕಬಡ್ಡಿ ಎನ್ನಬೇಕು. ನಮ್ಮ ಹುಡುಗಿಯರು ಕಲಿಸುತ್ತಾರೆ. ಅವರು ಇಟಲಿಗೆ, ಜಪಾನಿಗೆ ಮತ್ತೆ ಹೋದಾಗ ಅದನ್ನೂ ಒಯ್ಯಲಿ. ಬರುವ ದಾರಿಯಲ್ಲಿ ಮಳಖೇಡ ಇದೆ. ಅಮೋಘವರ್ಷನ ರಾಜಧಾನಿಯನ್ನು ನೋಡದೆ ಸೇಡಂಗೆ ಬಂದರೆ ನಾನು ಒಪ್ಪುವುದಿಲ್ಲ.

ನೌಬಾದ್ ಮೇಷ್ಟ್ರು (ಬೀದರ್)

ನರಸಿಂಹ ಝರಣಿ ಗುಹಾ ದೇವಸ್ಥಾನಕ್ಕೆ ಹೋಗಬೇಕೆಂದು ಮಕ್ಕಳು ಕೇಳುತ್ತಿದ್ದಾರೆ, ನಡೆಗೆ ಅದರ ಹೆಸರನ್ನು ಇಟ್ಟದ್ದೇ ಅದಕ್ಕಾಗಿ. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ಸುಮಾರು 300 ಮೀಟರ್ ನಡೆಯಬೇಕು. ತೆರೆದಿದೆಯೇ ಎಂದು ಮೊದಲು ವಿಚಾರಿಸುತ್ತೇನೆ. ಸಣ್ಣ ಮಕ್ಕಳನ್ನು ಇಳಿಸುವುದು ಬೇಡ.

ಕಾಗಿಣಾ ದಂಡೆ (ಕಲಬುರಗಿ)

ಎಲ್ಲವನ್ನೂ ಬರೆದುಕೊಂಡೆ. ಕ್ರಮ ಹೀಗಾಯಿತು: ಮೊದಲ ಬೆಳಿಗ್ಗೆ ಚೆಂಡು ಇಲ್ಲ, ಮಕ್ಕಳು ಅತಿಥಿಗಳಿಗೆ ಕಲಬುರಗಿ ಕೋಟೆ ತೋರಿಸುತ್ತಾರೆ. ಆಮೇಲೆ ಸೇಡಂ, ಸನ್ನತಿಯ ದಾರಿಯಿಂದ ಸುರಪುರ. ಅಲ್ಲಿ ನಾಲ್ಕು ದಿನ. ಕೊನೆಗೆ ಬಸವಕಲ್ಯಾಣ, ಬೀದರ್. ಅಭ್ಯಾಸ ಎಲ್ಲ ಕಡೆಯೂ ಬೆಳಿಗ್ಗೆ 6.30ಕ್ಕೆ.

ಸುರಪುರದವರೇ, ಮೈದಾನದ ಅಳತೆ ನೋಡಲು ಬರುವ ಭಾನುವಾರ ಬರುತ್ತೇನೆ. ನೂರು ಅಡಿಯ ಟೇಪು ನನ್ನ ಬಳಿ ಇದೆ, ಸುಣ್ಣದ ಪುಡಿ ನೀವು ತನ್ನಿ. ಹೊಸ ಬೂಟಿನ ಹುಡುಗನನ್ನೂ ಕರೆದುಕೊಂಡು ಬನ್ನಿ. ಒಂದು ಚೆಂಡು ಈ ವಾರ ಅವನ ಮನೆಗೆ.

ಸುರಪುರದ ಓದುಗ

ಹೇಳಿದೆ. ನಿಂತ ಕಾಲಲ್ಲಿ ಒಂದು ನಡೆಯ ಹೆಸರು ಹುಡುಕಿದ್ದಾನೆ. ಶಹಾಪುರದ ಬೆಟ್ಟ ಇದೆಯಲ್ಲ, ದೂರದಿಂದ ನೋಡಿದರೆ ಮಲಗಿದ ಬುದ್ಧನಂತೆ ಕಾಣುತ್ತದೆ. ನಾಲ್ವರು ಓಡಬೇಕು, ಒಬ್ಬ ಏನೂ ಗೊತ್ತಿಲ್ಲದವನಂತೆ ಅಲ್ಲಾಡದೆ ನಿಂತಿರಬೇಕು, ಎಲ್ಲರೂ ಅವನನ್ನು ಮರೆತಾಗ ಚೆಂಡು ಅವನಿಗೆ ಬರಬೇಕು. ಇಂಥ ನಡೆ ಆ ಆಟದಲ್ಲಿ ಇದೆಯೇ ಎಂದು ಮುತ್ಯಾನನ್ನು ಕೇಳಿ ಹೇಳಬೇಕಂತೆ. ಇಲ್ಲದಿದ್ದರೆ ತಾನೇ ಕಲಿಸುತ್ತಾನಂತೆ.